ಕೆ. ಎಸ್. ತಿಮ್ಮಯ್ಯ

ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ (ಮಾರ್ಚ್ 31, 1906 – ಡಿಸೆಂಬರ್ 18, 1965) ಭಾರತೀಯ ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಸೇನಾನಿ. ಎರಡನೆಯ ಮಹಾಯುದ್ಧದ ಕೊನೆಯ ವರ್ಷದಲ್ಲಿ ಬರ್ಮಾದ ಅರಾಕಾನ್ ಕಡಲತೀರದಲ್ಲಿ ಮಿತ್ರರಾಷ್ಟ್ರಗಳು ನಡೆಸಿದ ಜಲಸ್ಥಲ ಕಾರ್ಯಾಚರಣೆಯಲ್ಲಿ ಅವರು ಒಂದು ಬೆಟಾಲಿಯನ್ನಿನ ದಳಪತಿಯಾಗಿ ಕಾದಿದರು. ಅನಂತರ ಬ್ರಿಗೇಡ್ ಒಂದರ ನಾಯಕತ್ವ ವಹಿಸಿ, ಆ ಯುದ್ಧದ ರಣರಂಗದಲ್ಲಿ ಬ್ರಿಗೇಡನ್ನು ನಡೆಸಿದ ಏಕೈಕ ಭಾರತೀಯರೆನಿಸಿದರು. ಸ್ವಾತಂತ್ರ್ಯಾನಂತರ ಜೋಜಿಲಾ ಕಣಿವೆಯ ವಿಜಯ, ಕೊರಿಯದ ಯುದ್ಧಕೈದಿಗಳ ಆಯೋಗದ ಅಧ್ಯಕ್ಷತೆ ಮತ್ತು 1959ರ ರಾಜೀನಾಮೆ ಪ್ರಕರಣಗಳಿಂದ ಅವರ ಹೆಸರು ದೇಶದಲ್ಲಿ ಮನೆಮಾತಾಯಿತು. ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದಾಗ ನಿಧನ ಹೊಂದಿದರು.

ಜನನ ಮತ್ತು ಶಿಕ್ಷಣ

ತಿಮ್ಮಯ್ಯನವರು ಹುಟ್ಟಿದ್ದು ಮಡಿಕೇರಿಯಲ್ಲಿ, ಕಾಫಿ ತೋಟಗಳನ್ನು ಹೊಂದಿದ್ದ ಅನುಕೂಲಸ್ಥ ಕುಟುಂಬದಲ್ಲಿ. ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕಾರ್ಯಪ್ಪನವರೂ ಇದೇ ಕೊಡಂದೇರ ಒಕ್ಕಕ್ಕೆ ಸೇರಿದವರು. ತಾಯಿ ಸೀತಮ್ಮನವರು ವಿದ್ಯಾವಂತೆ. ಸಮಾಜಸೇವೆಗಾಗಿ ಸರ್ಕಾರದ ಕೈಸರ್-ಇ-ಹಿಂದ್ ಪದಕ ಪಡೆದವರು. ಮನೆಯಲ್ಲಿ ಆರು ಮಂದಿ ಮಕ್ಕಳು. ಗಂಡುಮಕ್ಕಳಲ್ಲಿ ಪೊನ್ನಪ್ಪ, ತಿಮ್ಮಯ್ಯ, ಸೋಮಯ್ಯ ಮೂವರೂ ಸೈನ್ಯ ಸೇರಿದರು. ತಿಮ್ಮಯ್ಯನವರನ್ನು ಮನೆಯವರು ಕರೆಯುತ್ತಿದ್ದುದು ದುಬ್ಬು ಎಂದು; ಮುಂದೆ ಸೈನ್ಯದಲ್ಲಿ ಅವರು ಎಲ್ಲರಿಗೂ ಟಿಮ್ಮಿ ಆದರು.

ಎಂಟನೆಯ ವಯಸ್ಸಿನಲ್ಲಿ ಅವರನ್ನು ಕೂನೂರಿನ ಸೇಂಟ್ ಜೋಸೆಫ್ ಶಾಲೆಗೆ ಕಳುಹಿಸಲಾಯಿತು. ಅನಂತರ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, 1922ರಲ್ಲಿ ಡೆಹ್ರಾಡೂನಿನಲ್ಲಿ ಆಗತಾನೆ ಆರಂಭವಾಗಿದ್ದ ಪ್ರಿನ್ಸ್ ಆಫ್ ವೇಲ್ಸ್ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜನ್ನು ಸೇರಿದರು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿಗೆ ಆಯ್ಕೆಯಾದ ಕೆಲವೇ ಭಾರತೀಯ ತರುಣರಲ್ಲಿ ಅವರೊಬ್ಬರು. ಆ ಕಾಲದಲ್ಲಿ ಸ್ಯಾಂಡ್‌ಹರ್ಸ್ಟ್‌ನಲ್ಲಿ ಭಾರತೀಯರಿಗೆಂದು ವರ್ಷಕ್ಕೆ ಹತ್ತು ಸ್ಥಾನಗಳನ್ನು ಮಾತ್ರ ಮೀಸಲಿಡಲಾಗಿತ್ತು.

ಸೇನೆಯಲ್ಲಿ ಮೊದಲ ವರ್ಷಗಳು

1926ರ ಫೆಬ್ರವರಿ 4ರಂದು ತಿಮ್ಮಯ್ಯನವರು ಅಧಿಕಾರಿಯಾಗಿ ನೇಮಕಗೊಂಡರು. ಮೊದಲು ಬೆಂಗಳೂರಿನಲ್ಲಿದ್ದ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಎಂಬ ಬ್ರಿಟಿಷ್ ದಳದಲ್ಲಿ ಕೆಲಕಾಲ ಕೆಲಸ ಕಲಿತು, 1928ರಲ್ಲಿ 19ನೆಯ ಹೈದರಾಬಾದ್ ರೆಜಿಮೆಂಟಿನ 4ನೆಯ ಬೆಟಾಲಿಯನ್ ಸೇರಿದರು. ಹೆಸರು ಹೈದರಾಬಾದ್ ಆದರೂ ಇದರಲ್ಲಿದ್ದವರು ಹೆಚ್ಚಾಗಿ ಕುಮಾವೂನಿಗಳು, ಜಾಟರು, ಅಹೀರರು. ಈ ರೆಜಿಮೆಂಟೇ ಇಂದಿನ ಕುಮಾವೂನ್ ರೆಜಿಮೆಂಟ್. ಬೆಟಾಲಿಯನ್ ಆಗ ಇರಾಕಿನ ಬಾಗ್ದಾದಿನಲ್ಲಿತ್ತು.

ಈ ನೇಮಕದ ಹಿಂದೆ ಒಂದು ವ್ಯವಸ್ಥೆಯಿತ್ತು. ಅದನ್ನು ತಿಳಿಯದೆ ತಿಮ್ಮಯ್ಯನವರ ಮುಂದಿನ ಜೀವನ ಪೂರ್ತಿ ಅರ್ಥವಾಗದು. 1923ರಲ್ಲಿ ಬ್ರಿಟಿಷ್ ಆಡಳಿತವು ಎಂಟು ದಳಗಳನ್ನು ಮಾತ್ರ ಭಾರತೀಯ ಅಧಿಕಾರಿಗಳಿಗಾಗಿ ಗೊತ್ತುಪಡಿಸಿತು. ಸ್ಯಾಂಡ್‌ಹರ್ಸ್ಟ್‌ನಿಂದ ಬಂದ ಭಾರತೀಯರೆಲ್ಲರೂ ಈ ಎಂಟರಲ್ಲೇ ಸೇರಬೇಕು. ಬ್ರಿಟಿಷ್ ಅಧಿಕಾರಿಯೊಬ್ಬ ಭಾರತೀಯನ ಕೈಕೆಳಗೆ ದುಡಿಯುವ ಪ್ರಸಂಗ ಬಾರದಿರಲಿ ಎಂಬುದು ಇದರ ಹಿಂದಿನ ಎಣಿಕೆ. ಮೇಲ್ನೋಟಕ್ಕೆ ಇದು ಭಾರತೀಕರಣ, ವಾಸ್ತವದಲ್ಲಿ ಪಂಕ್ತಿಭೇದ. ಯುದ್ಧ ಬಂದಾಗ ಭಾರತೀಯನು ಸಿಪಾಯಿಯಾಗಿ ಹೋರಾಡಬಲ್ಲ, ಆದರೆ ಸಾವಿರಾರು ಜನರನ್ನು ಮುನ್ನಡೆಸಬಲ್ಲನೇ ಎಂಬ ಸಂದೇಹವನ್ನು ಆಗಿನ ಅನೇಕ ಹಿರಿಯ ಅಧಿಕಾರಿಗಳು ಮರೆಮಾಚುತ್ತಿರಲಿಲ್ಲ. 4/19 ಹೈದರಾಬಾದ್ ಆ ಎಂಟು ದಳಗಳಲ್ಲಿ ಒಂದು.

ಬಾಗ್ದಾದಿನಿಂದ ಮರಳಿದ ಬೆಟಾಲಿಯನ್ ಅಲಹಾಬಾದಿನಲ್ಲಿ ಬೀಡುಬಿಟ್ಟಿದ್ದಾಗ ತಿಮ್ಮಯ್ಯನವರಿಗೆ ನೆಹರೂ ಕುಟುಂಬದ ಪರಿಚಯವಾಯಿತು. ಸ್ವಾತಂತ್ರ್ಯ ಚಳವಳಿ ಬಿರುಸಾಗಿದ್ದ ಕಾಲ ಅದು. ದೇಶ ಸೆರೆಮನೆಗೆ ಹೋಗುತ್ತಿರುವಾಗ ತಾವು ಬ್ರಿಟಿಷರ ಸಮವಸ್ತ್ರ ತೊಟ್ಟಿರುವುದು ಸರಿಯೇ ಎಂಬ ಪ್ರಶ್ನೆ ತರುಣ ಅಧಿಕಾರಿಗಳನ್ನು ಕಾಡುತ್ತಿತ್ತು. ಅವರು ಮೋತಿಲಾಲ ನೆಹರೂ ಅವರ ಸಲಹೆ ಕೇಳಿದರೆಂದೂ, ನಾಳೆ ಸ್ವತಂತ್ರ ಭಾರತಕ್ಕೆ ತರಬೇತಾದ ಸೇನಾಧಿಕಾರಿಗಳು ಬೇಕಾಗುವುದರಿಂದ ಕೆಲಸ ಬಿಡಬಾರದೆಂದು ಮೋತಿಲಾಲರು ತಿಳಿಹೇಳಿದರೆಂದೂ ತಿಮ್ಮಯ್ಯನವರ ಜೀವನಚರಿತ್ರೆಗಳಲ್ಲಿ ಬರುತ್ತದೆ. ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಹದಿನೈದು ವರ್ಷಗಳ ಬಳಿಕ ಸ್ವಂತ ಮನೆಯೊಳಗೇ ಅದು ಮತ್ತೆ ಎದ್ದುನಿಂತಿತು.

ಮುಂದೆ ವಾಯವ್ಯ ಗಡಿನಾಡಿನಲ್ಲಿ ಸೇವೆ ಸಲ್ಲಿಸಿದರು. 1935ರಲ್ಲಿ ನೀನಾ ಕಾರ್ಯಪ್ಪ ಅವರೊಡನೆ ವಿವಾಹವಾಯಿತು. ಅದೇ ವರ್ಷ ಮೇ 31ರ ನಸುಕಿನಲ್ಲಿ ಕ್ವೆಟ್ಟಾ ನಗರವನ್ನು ನೆಲಸಮ ಮಾಡಿದ ಭೂಕಂಪವಾದಾಗ ದಂಪತಿಗಳು ಅಲ್ಲಿದ್ದರು. ಗಾಯಾಳುಗಳ ಶುಶ್ರೂಷೆಯಲ್ಲಿ ತೊಡಗಿದ ನೀನಾ ಅವರಿಗೂ ಕೈಸರ್-ಇ-ಹಿಂದ್ ಪದಕ ದೊರೆಯಿತು. ಅವರಿಗೆ ಮಿರೆಯ್ ಎಂಬ ಒಬ್ಬಳು ಮಗಳು. 1936ರಲ್ಲಿ ತಿಮ್ಮಯ್ಯನವರು ಮದ್ರಾಸಿನ ವಿಶ್ವವಿದ್ಯಾಲಯ ತರಬೇತಿ ದಳಕ್ಕೆ ನಿಯೋಜಿತರಾದರು. ಕಾಲೇಜು ಹುಡುಗರಿಗೆ ಕವಾಯತು ಕಲಿಸುವ ಕೆಲಸ ಅದು.

ಮಹಾಯುದ್ಧ ಆರಂಭವಾದಾಗ 4/19 ಬೆಟಾಲಿಯನ್ ಸಿಂಗಪುರದಲ್ಲಿತ್ತು, ತಿಮ್ಮಯ್ಯನವರೂ ಅಲ್ಲಿದ್ದರು. ಅಲ್ಲಿ 1940ರಲ್ಲಿ ಒಬ್ಬ ಭಾರತೀಯ ಅಧಿಕಾರಿಯನ್ನು ಹಿಂದಕ್ಕೆ ಕಳುಹಿಸಿದ್ದರಿಂದ ಸಿಪಾಯಿಗಳು ಸಿಡಿದೆದ್ದ ಘಟನೆ ನಡೆಯಿತು. ಮರುವರ್ಷ ತಿಮ್ಮಯ್ಯನವರು ತಾವೇ ವರ್ಗಾವಣೆ ಕೇಳಿಕೊಂಡು ಭಾರತಕ್ಕೆ ಬಂದು, ಹೊಸದಾಗಿ ಕಟ್ಟಲಾಗುತ್ತಿದ್ದ 8/19 ಹೈದರಾಬಾದ್ ಬೆಟಾಲಿಯನ್ನಿನ ಉಪನಾಯಕರಾದರು. ಈ ವರ್ಗಾವಣೆ ಅವರ ಹಣೆಬರಹವನ್ನೇ ಬದಲಿಸಿತು. 1942ರ ಜನವರಿ 7ರಂದು ಮಲಯದ ಸ್ಲಿಮ್ ನದಿಯ ಬಳಿ ಜಪಾನೀ ಟ್ಯಾಂಕುಗಳು ಅವರ ಹಳೆಯ ಬೆಟಾಲಿಯನ್ನನ್ನು ಛಿದ್ರಗೊಳಿಸಿದವು. ಫೆಬ್ರವರಿಯಲ್ಲಿ ಸಿಂಗಪುರ ಬಿದ್ದು, ಅಳಿದುಳಿದವರು ಸೆರೆಯಾದರು.

ಅರಾಕಾನ್ ಕಡಲತೀರದ ಯುದ್ಧ

ಕ್ವೆಟ್ಟಾದ ಸ್ಟಾಫ್ ಕಾಲೇಜಿನಲ್ಲಿ ತರಬೇತಿ ಮುಗಿಸಿದ ಮೇಲೆ ತಿಮ್ಮಯ್ಯನವರನ್ನು 25ನೆಯ ಭಾರತೀಯ ಡಿವಿಷನ್ನಿನ ಕಾರ್ಯಾಚರಣೆ ವಿಭಾಗದ ಅಧಿಕಾರಿಯಾಗಿ ನೇಮಿಸಲಾಯಿತು. ಈ ಡಿವಿಷನ್ 1942ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿಯೇ ಕಟ್ಟಿದ್ದು. ಜಪಾನೀಯರು ದಕ್ಷಿಣ ಭಾರತದ ಕರಾವಳಿಯಲ್ಲಿ ಇಳಿದರೆ ಎದುರಿಸಬೇಕೆಂದು ಸಿದ್ಧವಾದ ಈ ಪಡೆ ಕಾಡಿನ ಯುದ್ಧದ ಅಭ್ಯಾಸ ಪಡೆದು 1944ರ ಆರಂಭದಲ್ಲಿ ಅರಾಕಾನಿಗೆ ಹೋಯಿತು. ಅಲ್ಲಿ ತಿಮ್ಮಯ್ಯನವರಿಗೆ 8/19 ಹೈದರಾಬಾದ್ ಬೆಟಾಲಿಯನ್ನಿನ ನಾಯಕತ್ವ ದೊರೆಯಿತು.

ಅರಾಕಾನ್ ಎಂದರೆ ಇಂದಿನ ಮ್ಯಾನ್ಮಾರಿನ ರಖೈನ್ ಪ್ರಾಂತ. ಚಿತ್ತಗಾಂಗಿನಿಂದ ದಕ್ಷಿಣಕ್ಕೆ ಬಂಗಾಳ ಕೊಲ್ಲಿಯ ಅಂಚಿನಲ್ಲಿ ಉದ್ದಕ್ಕೆ ಚಾಚಿಕೊಂಡಿರುವ ಈ ಪಟ್ಟಿಯಲ್ಲಿ ಒಂದೆಡೆ ಕಡಿದಾದ ಬೆಟ್ಟಸಾಲು, ಇನ್ನೊಂದೆಡೆ ಕಡಲು, ನಡುವೆ ಕೆಸರು. ತೀರದಾಚೆ ಅಕ್ಯಾಬ್, ರಾಮ್ರೀ, ಚೆದೂಬ ದ್ವೀಪಗಳು. ಒಳನಾಡನ್ನು ಸೀಳಿಕೊಂಡು ನೂರಾರು ಕಡಲ್ಗಾಲುವೆಗಳಿವೆ. ಅವನ್ನು ಅಲ್ಲಿಯವರು ಚೌಂಗ್ ಎನ್ನುತ್ತಾರೆ. ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯೂ ಕಾವೇರಿಯೂ ಕೂಡುವುದನ್ನು ಕಂಡವರಿಗೆ ಅಗಲವಾದ ನೀರು ಹೊಸದಲ್ಲ. ಆದರೆ ನಮ್ಮ ನದಿಗಳು ಹರಿಯುವುದು ಒಂದೇ ದಿಕ್ಕಿಗೆ. ಚೌಂಗಿನ ನೀರು ಸುಮಾರು ಆರು ಗಂಟೆಗೊಮ್ಮೆ ದಿಕ್ಕು ಬದಲಿಸುತ್ತದೆ. ಉಬ್ಬರದಲ್ಲಿ ದೋಣಿ ಸಾಗಿದ ಜಾಗ ಇಳಿತದಲ್ಲಿ ಸೊಂಟಮಟ್ಟದ ಕೆಸರು. ದಡದಲ್ಲಿ ಕಾಂಡ್ಲಾ ಗಿಡಗಳ ಬೇರುಗಳು ಬಲೆಯಂತೆ ಹೆಣೆದುಕೊಂಡಿದ್ದು, ಅದರಾಚೆ ಬತ್ತದ ಗದ್ದೆಯ ಬಯಲು, ಬಯಲಿನ ತುದಿಗೆ ಗಿಡಗಂಟಿ ಮುಸುಕಿದ ಗುಡ್ಡಗಳು. ಗುಡ್ಡದ ಮೇಲೆ ಮಣ್ಣು ತೋಡಿ ಕುಳಿತ ಜಪಾನೀ ಸೈನಿಕನಿಗೆ ಬಯಲೆಲ್ಲ ಅಂಗೈಯಂತೆ ಕಾಣುತ್ತಿತ್ತು.

ಇಂಥ ಕಡೆ ರಸ್ತೆ ಮಾಡಿಕೊಂಡು ಮುಂದುವರಿಯುವುದಕ್ಕಿಂತ ದೋಣಿಗಳಲ್ಲಿ ಬಂದು ಶತ್ರುವಿನ ಬೆನ್ನಿಗೆ ಇಳಿಯುವುದೇ ಲೇಸು ಎಂಬುದು ಮಿತ್ರರಾಷ್ಟ್ರಗಳ ಯೋಜನೆ. ಅದೇ ಕಾಲದಲ್ಲಿ ಪೆಸಿಫಿಕ್ ಸಾಗರದಲ್ಲಿ ಅಮೆರಿಕನ್ನರು ದ್ವೀಪದಿಂದ ದ್ವೀಪಕ್ಕೆ ಇದೇ ಬಗೆಯಲ್ಲಿ ಮುಂದುವರಿಯುತ್ತಿದ್ದರು. ಅಲ್ಲಿ ನೂರಾರು ಹಡಗುಗಳ ಬಲವಿತ್ತು. ಬಂಗಾಳ ಕೊಲ್ಲಿಯ ಪಾಲಿಗೆ ಉಳಿದದ್ದು ಯೂರೋಪಿನ ರಣರಂಗಕ್ಕೂ ಪೆಸಿಫಿಕ್ಕಿಗೂ ಕೊಟ್ಟು ಮಿಕ್ಕಿದ ಕೆಲವು ದೋಣಿಗಳು. ಅವುಗಳಲ್ಲಿ ರಾಯಲ್ ಇಂಡಿಯನ್ ನೇವಿಯ ಭಾರತೀಯ ನಾವಿಕರು ನಡೆಸುತ್ತಿದ್ದವೂ ಇದ್ದವು. ಉದ್ದೇಶವೂ ಸ್ಪಷ್ಟವಾಗಿತ್ತು. ಉತ್ತರ ಬರ್ಮಾದಿಂದ ರಂಗೂನಿನತ್ತ ಇಳಿಯುತ್ತಿದ್ದ ಜನರಲ್ ಸ್ಲಿಮ್ ಅವರ 14ನೆಯ ಸೇನೆಗೆ ವಿಮಾನದಿಂದಲೇ ಆಹಾರ, ಮದ್ದುಗುಂಡು ತಲುಪಬೇಕಿತ್ತು. ಅಕ್ಯಾಬ್, ರಾಮ್ರೀ ದ್ವೀಪಗಳ ವಿಮಾನನೆಲೆಗಳು ಕೈಗೆ ಬಂದರೆ ಆ ಹಾರಾಟದ ದೂರ ಕಡಿಮೆಯಾಗುತ್ತಿತ್ತು. ಈ ಕಾರ್ಯವನ್ನು ಲೆಫ್ಟಿನೆಂಟ್ ಜನರಲ್ ಫಿಲಿಪ್ ಕ್ರಿಸ್ಟಿಸನ್ ಅವರ 15ನೆಯ ಕೋರಿಗೆ ವಹಿಸಲಾಯಿತು.

1945ರ ಜನವರಿ 3ರಂದು ಅಕ್ಯಾಬ್ ದ್ವೀಪ ಗುಂಡು ಹಾರಿಸದೆಯೇ ವಶವಾಯಿತು. ಜಪಾನೀಯರು ಮೊದಲೇ ಅದನ್ನು ತೊರೆದು ಹೋಗಿದ್ದರು. ಜನವರಿ 12ರಂದು ಮ್ಯೆಬೋನ್ ಪರ್ಯಾಯದ್ವೀಪದಲ್ಲಿ ಪಡೆಗಳು ಇಳಿದವು. 21ರಂದು ರಾಮ್ರೀ ದ್ವೀಪಕ್ಕೆ 26ನೆಯ ಭಾರತೀಯ ಡಿವಿಷನ್ ಇಳಿಯಿತು. ಕ್ವೀನ್ ಎಲಿಜಬೆತ್ ಯುದ್ಧನೌಕೆಯ ಫಿರಂಗಿಗಳು ಅದಕ್ಕೆ ಮುನ್ನ ದ್ವೀಪವನ್ನು ಜಾಲಾಡಿದ್ದವು. ರಾಮ್ರೀಯ ಜೌಗಿನಲ್ಲಿ ನೂರಾರು ಜಪಾನೀಯರನ್ನು ಮೊಸಳೆಗಳು ತಿಂದವೆಂಬ ಕಥೆ ಇಂದಿಗೂ ಪುಸ್ತಕಗಳಲ್ಲಿ ಸುತ್ತುತ್ತಿದೆ. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ರೋಚಕ ಕಥೆಗಳಿಗೆ ಇರುವ ಆಯುಷ್ಯ ನಿಜವಾದ ಕದನಗಳಿಗೆ ಇರುವುದಿಲ್ಲ. ರಾಮ್ರೀಯನ್ನು ಬಲ್ಲವರಲ್ಲಿ ಹಲವರು ಅದರ ಪಕ್ಕದಲ್ಲೇ, ಅದೇ ವಾರ ನಡೆದ ಕಾಂಗಾ ಕದನದ ಹೆಸರು ಕೇಳಿಲ್ಲ.

ಕಾಂಗಾ ಕದನ

ಕಾಂಗಾ ಒಂದು ಸಣ್ಣ ಹಳ್ಳಿ. ಅರಾಕಾನಿನಲ್ಲಿದ್ದ ಜಪಾನೀ 54ನೆಯ ಡಿವಿಷನ್ನಿನ ಪಡೆಗಳು ದಕ್ಷಿಣಕ್ಕೆ ಹಿಂದೆಗೆಯಬಹುದಾದ ಕರಾವಳಿ ರಸ್ತೆ ಈ ಹಳ್ಳಿಯ ಪಕ್ಕದಲ್ಲಿ ಹಾದುಹೋಗುತ್ತಿತ್ತು. ಉತ್ತರದಿಂದ ಪಶ್ಚಿಮ ಆಫ್ರಿಕದ ಸೈನಿಕರ ಡಿವಿಷನ್ನುಗಳು ಜಪಾನೀಯರನ್ನು ಅಟ್ಟಿಕೊಂಡು ಬರುತ್ತಿದ್ದವು. ಕಾಂಗಾದಲ್ಲಿ ರಸ್ತೆಯನ್ನು ತಡೆದರೆ ಶತ್ರು ಎರಡರ ನಡುವೆ ಸಿಕ್ಕಿಬೀಳುತ್ತಾನೆ ಎಂಬುದು ಲೆಕ್ಕಾಚಾರ.

ಜನವರಿ 22ರಂದು 3ನೆಯ ಕಮಾಂಡೋ ಬ್ರಿಗೇಡ್ ಡೈಂಗ್‌ಬೋನ್ ಚೌಂಗಿನ ಸುತ್ತುದಾರಿಯಿಂದ ಬಂದು ದಡಕ್ಕಿಳಿಯಿತು. ನೇರವಾದ ಜಲಮಾರ್ಗವನ್ನು ಬಿಟ್ಟು ಇಕ್ಕಟ್ಟಾದ ಕಾಲುವೆಯಲ್ಲಿ ಬಂದದ್ದರಿಂದ ಜಪಾನೀಯರಿಗೆ ಸುಳಿವು ಸಿಗಲಿಲ್ಲ. ಭಾರತೀಯ ನೌಕೆಗಳಾದ ನರ್ಮದಾ ಮತ್ತು ಜಮುನಾ ಫಿರಂಗಿ ಬೆಂಬಲ ನೀಡಿದವು. ಗದ್ದೆ ಬಯಲಿನ ನಡುವೆ ಎದ್ದುನಿಂತಿದ್ದ 170ನೆಯ ಗುಡ್ಡ ಕಮಾಂಡೋಗಳ ವಶವಾಯಿತು. ಆದರೆ ಅಚ್ಚರಿಯ ಲಾಭ ಹೆಚ್ಚು ಹೊತ್ತು ಉಳಿಯಲಿಲ್ಲ. ಎತ್ತರದ ಬೆಟ್ಟಗಳ ಮೇಲಿನಿಂದ ಜಪಾನೀ ಫಿರಂಗಿಗಳು ದಡವನ್ನೂ ಗುಡ್ಡವನ್ನೂ ಹಗಲಿರುಳು ಹೊಡೆದವು. ಗದ್ದೆಬಯಲಿನ ಕೆಸರಿನಲ್ಲಿ ಟ್ಯಾಂಕುಗಳನ್ನು ಇಳಿಸುವುದು ಮೊದಲು ಸಾಧ್ಯವಾಗಲಿಲ್ಲ. ಕುಡಿಯುವ ನೀರನ್ನೂ ದೋಣಿಯಲ್ಲಿ ತರಬೇಕಿತ್ತು. ಸುತ್ತಲಿನ ನೀರೆಲ್ಲ ಉಪ್ಪು.

ಕೆಲವು ದಿನಗಳಲ್ಲಿ 51ನೆಯ ಭಾರತೀಯ ಬ್ರಿಗೇಡ್ ಕಾಂಗಾಕ್ಕೆ ಬಂದಿಳಿಯಿತು. ಬ್ರಿಗೇಡಿಯರ್ ಹಟನ್ ಅದರ ನಾಯಕ. ಆದರೆ ಅದರ ಮೂರೂ ಬೆಟಾಲಿಯನ್ನುಗಳ ದಳಪತಿಗಳು ಭಾರತೀಯರು. 16/10 ಬಲೂಚ್ ಬೆಟಾಲಿಯನ್ನಿಗೆ ಎಲ್. ಪಿ. ಸೇನ್, 2/2 ಪಂಜಾಬಿಗೆ ಎಸ್. ಪಿ. ಪಿ. ಥೋರಟ್, 8/19 ಹೈದರಾಬಾದಿಗೆ ಕೆ. ಎಸ್. ತಿಮ್ಮಯ್ಯ. ಬಂಗಾಳಿ, ಮರಾಠಿ, ಕೊಡವ ದಳಪತಿಗಳು. ಅವರ ಕೆಳಗೆ ಮುಸಲ್ಮಾನ, ಸಿಖ್, ಹಿಂದೂ ಸಿಪಾಯಿಗಳು. ಇದನ್ನು ಅಖಿಲ ಭಾರತೀಯ ಬ್ರಿಗೇಡ್ ಎಂದು ಕರೆಯುತ್ತಿದ್ದರು. ಆ ಹೆಸರಿನಲ್ಲಿ ಹೆಮ್ಮೆಯಷ್ಟೇ ಪರೀಕ್ಷೆಯೂ ಇತ್ತು. ಸೋತರೆ ಅದು ಒಂದು ಬ್ರಿಗೇಡಿನ ಸೋಲೆಂದು ಮಾತ್ರ ಬರೆಯಲ್ಪಡುತ್ತಿರಲಿಲ್ಲ. ಎಂಟು ದಳಗಳ ಯೋಜನೆಯ ಹಿಂದಿದ್ದ ಹಳೆಯ ಸಂದೇಹಕ್ಕೆ ಸಾಕ್ಷಿಯಾಗುತ್ತಿತ್ತು. ಮೂವರಿಗೂ ಇದು ಗೊತ್ತಿತ್ತು.

ರಸ್ತೆಯ ಪಕ್ಕದ ಗುಡ್ಡಗಳಿಗೆ ಯೋಜಕರು ಸ್ಕಾಟ್ಲೆಂಡಿನ ಊರುಗಳ ಹೆಸರನ್ನು ಇಟ್ಟಿದ್ದರು. ಮೆಲ್‌ರೋಸ್ ಎಂದು ಕರೆದ ಗುಡ್ಡ ಕಾಂಗಾದ ಕೀಲಿಕೈ. ಜನವರಿಯ ಕೊನೆಯ ದಿನಗಳಲ್ಲಿ ಬ್ರಿಗೇಡ್ ಈ ಗುಡ್ಡಗಳ ಮೇಲೆ ಏರಿಹೋಯಿತು. ಮೆಲ್‌ರೋಸ್ ಗುಡ್ಡವನ್ನು ಕೊನೆಗೆ ಥೋರಟ್ ಅವರ ಪಂಜಾಬಿ ಸೈನಿಕರು ಸನೀನು ಹಿಡಿದು ಗೆದ್ದರು. ಕಂದಕದಿಂದ ಕಂದಕಕ್ಕೆ ಕೈಕೈ ಮಿಲಾಯಿಸಿ ನಡೆದ ಕಾದಾಟ ಅದು. ಎರಡೂ ಕಡೆ ಅಪಾರ ಸಾವುನೋವಾಯಿತು. ಜನವರಿ 31ರಂದು ಜಪಾನೀಯರು 170ನೆಯ ಗುಡ್ಡದ ಮೇಲೆ ಸರ್ವಶಕ್ತಿಯಿಂದ ಮರುದಾಳಿ ನಡೆಸಿದರು. ಬಿದಿರ ಗಳುವಿನ ತುದಿಗೆ ಸಿಡಿಮದ್ದು ಕಟ್ಟಿಕೊಂಡ ಆತ್ಮಾಹುತಿ ಸೈನಿಕರು, ಅಷ್ಟರಲ್ಲಿ ಹೇಗೋ ದಡ ಸೇರಿದ್ದ ಟ್ಯಾಂಕುಗಳ ಮೇಲೆ ಬಿದ್ದರು. ಗುಡ್ಡದ ಅಂಚನ್ನು ಕಾಯುತ್ತ ಸತ್ತ ಲೆಫ್ಟಿನೆಂಟ್ ಜಾರ್ಜ್ ನೋಲೆಂಡ್ ಎಂಬ ಬ್ರಿಟಿಷ್ ತರುಣನಿಗೆ ಮರಣೋತ್ತರ ವಿಕ್ಟೋರಿಯ ಕ್ರಾಸ್ ದೊರೆಯಿತು. ಮರುದಿನ ಆ ಇಳಿಜಾರಿನಲ್ಲಿ 300ಕ್ಕೂ ಹೆಚ್ಚು ಜಪಾನೀ ಶವಗಳಿದ್ದವು.

ಫೆಬ್ರವರಿಯಲ್ಲಿ 51ನೆಯ ಬ್ರಿಗೇಡ್ ಕಾಂಗಾ ಹಳ್ಳಿಯನ್ನು ವಶಪಡಿಸಿಕೊಂಡು ರಸ್ತೆಯನ್ನು ಮುಚ್ಚಿತು. ಜಪಾನೀಯರು ಫಿರಂಗಿ, ವಾಹನಗಳನ್ನು ಬಿಟ್ಟು ಪೂರ್ವದ ಬೆಟ್ಟಗಳ ಕಾಲುದಾರಿ ಹಿಡಿದರು. ಸೇನ್, ಥೋರಟ್, ತಿಮ್ಮಯ್ಯ ಮೂವರಿಗೂ ಡಿ.ಎಸ್.ಓ. ಪದಕ ದೊರೆಯಿತು. ಯುದ್ಧಭೂಮಿಯಲ್ಲಿ ದಳ ನಡೆಸಿದ ಅಧಿಕಾರಿಗಳಿಗೆ ವಿಕ್ಟೋರಿಯ ಕ್ರಾಸಿನ ನಂತರದ ಹಿರಿಯ ಗೌರವ ಇದು. ಬರ್ಮಾ ಯುದ್ಧದ ಅತ್ಯಂತ ಭೀಕರ ಕದನಗಳಲ್ಲಿ ಕಾಂಗಾ ಒಂದೆಂದು ಬ್ರಿಟಿಷ್ ಇತಿಹಾಸಕಾರರೇ ಬರೆದಿದ್ದಾರೆ. ಕೊಹಿಮಾ, ಇಂಫಾಲಗಳಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಸಿಕ್ಕ ಒಂದೆರಡು ಸಾಲು ಕಾಂಗಾಕ್ಕೆ ಸಿಕ್ಕಿಲ್ಲ.

ಈ ಯಶಸ್ಸಿನ ಬಳಿಕ ತಿಮ್ಮಯ್ಯನವರನ್ನು 36ನೆಯ ಭಾರತೀಯ ಬ್ರಿಗೇಡಿನ ನಾಯಕರನ್ನಾಗಿ ಮಾಡಲಾಯಿತು. ಬ್ರಿಟಿಷ್ ಅಧಿಕಾರಿಗಳೂ ಈಗ ಅವರ ಕೈಕೆಳಗಿದ್ದರು. 1923ರಲ್ಲಿ ಯಾವ ಪ್ರಸಂಗ ಬಾರದಿರಲೆಂದು ಎಂಟು ದಳಗಳ ಬೇಲಿ ಹಾಕಿದ್ದರೋ ಅದು ಇಪ್ಪತ್ತೆರಡು ವರ್ಷಗಳಲ್ಲಿ ಬಂದೇಬಿಟ್ಟಿತು.

ಅಣ್ಣ ಪೊನ್ನಪ್ಪ ಮತ್ತು ಆಜಾದ್ ಹಿಂದ್ ಫೌಜ್

ಅರಾಕಾನಿನಲ್ಲಿ ತಿಮ್ಮಯ್ಯನವರು ಜಪಾನೀಯರೊಡನೆ ಕಾದುತ್ತಿದ್ದಾಗ ಅವರ ಅಣ್ಣ ಪೊನ್ನಪ್ಪನವರು ಎದುರು ಪಕ್ಷದಲ್ಲಿದ್ದರು. ಬ್ರಿಟಿಷ್ ಭಾರತೀಯ ಸೇನೆಯ ಅಧಿಕಾರಿಯಾಗಿದ್ದ ಪೊನ್ನಪ್ಪನವರು ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಫೌಜನ್ನು ಸೇರಿದ್ದರು. ಸಿಂಗಪುರದಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರಿಂದಲೇ ಆ ಫೌಜು ಬೆಳೆದಿತ್ತು. 1941ರಲ್ಲಿ ವರ್ಗಾವಣೆ ದೊರೆಯದೆ ಹೋಗಿದ್ದರೆ ತಿಮ್ಮಯ್ಯನವರೂ ಆ ಸೆರೆಶಿಬಿರಗಳಲ್ಲೇ ಇರುತ್ತಿದ್ದರು. ಆಗ ಯಾವ ದಾರಿ ಹಿಡಿಯುತ್ತಿದ್ದರೆಂದು ಊಹಿಸುವುದು ವ್ಯರ್ಥ. 1944ರಲ್ಲಿ ಫೌಜಿನ ತುಕಡಿಗಳು ಅರಾಕಾನಿಗೂ ಬಂದಿದ್ದವು. ಒಂದೇ ತಾಯಿಯ ಮಕ್ಕಳು ದೇಶದ ಒಳಿತಿನ ಹೆಸರಿನಲ್ಲಿ ಎರಡು ಬೇರೆ ದಾರಿಗಳನ್ನು ಹಿಡಿದದ್ದು ಕೊಡಗಿನ ಈ ಮನೆಯ ವಿಶೇಷವಷ್ಟೇ ಅಲ್ಲ. ಆ ಕಾಲದ ಅನೇಕ ಸೈನಿಕ ಕುಟುಂಬಗಳ ಸ್ಥಿತಿ ಇದೇ ಆಗಿತ್ತು. ಕಿರಿಯ ತಮ್ಮ ಸೋಮಯ್ಯನವರು ಸ್ವಾತಂತ್ರ್ಯಾನಂತರ ಕಾಶ್ಮೀರದ ಕಾರ್ಯಾಚರಣೆಯಲ್ಲಿ ನೆಲಬಾಂಬು ಸಿಡಿದು ತೀರಿಕೊಂಡರು.

1945ರ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಜಪಾನೀ ಸೇನೆ ಮೌಂಟ್‌ಬ್ಯಾಟನ್ನರಿಗೆ ಶರಣಾದಾಗ ಭಾರತೀಯ ಸೇನೆಯ ಪ್ರತಿನಿಧಿಯಾಗಿ ಬ್ರಿಗೇಡಿಯರ್ ತಿಮ್ಮಯ್ಯನವರು ಉಪಸ್ಥಿತರಿದ್ದರು. ನಾಲ್ಕು ವರ್ಷಗಳ ಹಿಂದೆ ಅವರು ಬಿಟ್ಟುಬಂದ ಊರು ಅದು.

ಜಪಾನಿನಲ್ಲಿ

ಯುದ್ಧ ಮುಗಿದ ಬಳಿಕ ಸೋತ ಜಪಾನಿನಲ್ಲಿ ನೆಲೆನಿಂತ ಬ್ರಿಟಿಷ್ ಕಾಮನ್‌ವೆಲ್ತ್ ಪಡೆಯಲ್ಲಿ ಭಾರತದ ತುಕಡಿಗಳೂ ಇದ್ದವು. ಅವುಗಳಲ್ಲಿ 268ನೆಯ ಭಾರತೀಯ ಬ್ರಿಗೇಡಿನ ನಾಯಕರಾಗಿ ತಿಮ್ಮಯ್ಯನವರು 1946ರಲ್ಲಿ ಜಪಾನಿಗೆ ಹೋದರು. ಆ ಬ್ರಿಗೇಡ್ ಹೊನ್ಶು ದ್ವೀಪದ ಪಶ್ಚಿಮ ಭಾಗದಲ್ಲಿ ಬೀಡುಬಿಟ್ಟಿತ್ತು. ಆಸ್ಟ್ರೇಲಿಯ, ನ್ಯೂಜಿಲೆಂಡ್, ಬ್ರಿಟನ್, ಅಮೆರಿಕದ ಸೇನಾಧಿಕಾರಿಗಳೊಡನೆ ಸರಿಸಮನಾಗಿ ಕೆಲಸ ಮಾಡಿದ ಈ ಅನುಭವ ಮುಂದೆ ಕೊರಿಯ, ಸೈಪ್ರಸ್‌ಗಳಲ್ಲಿ ಉಪಯೋಗಕ್ಕೆ ಬಂದಿತು. 1947ರಲ್ಲಿ ಸ್ವಾತಂತ್ರ್ಯ ಸಮೀಪಿಸಿದಾಗ ಸ್ವದೇಶಕ್ಕೆ ಮರಳಿದರು.

ವಿಭಜನೆ ಮತ್ತು ಕಾಶ್ಮೀರ

ದೇಶ ವಿಭಜನೆಯ ವೇಳೆ ಪಂಜಾಬಿನಲ್ಲಿ ನಿರಾಶ್ರಿತರ ರಕ್ಷಣೆಯ ಹೊಣೆ ಹೊತ್ತ ಪಡೆಯ ಜವಾಬ್ದಾರಿ ಅವರ ಮೇಲೆ ಬಿತ್ತು. 1947ರ ಸೆಪ್ಟೆಂಬರಿನಲ್ಲಿ ಮೇಜರ್ ಜನರಲ್ ಆದರು. ಅರಾಕಾನಿನಲ್ಲಿ ಒಟ್ಟಿಗೆ ಕಾದಿದ್ದ ರೆಜಿಮೆಂಟುಗಳು ಈಗ ಎರಡು ದೇಶಗಳಿಗೆ ಹಂಚಿಹೋದವು; ಸೇನ್ ಅವರು ನಡೆಸಿದ್ದ ಬಲೂಚ್ ರೆಜಿಮೆಂಟ್ ಪಾಕಿಸ್ತಾನದ ಪಾಲಾಯಿತು. ಸೇನ್ ಅವರೇ ಆ ವರ್ಷದ ಕೊನೆಯಲ್ಲಿ ಶ್ರೀನಗರವನ್ನು ಉಳಿಸಿದ 161ನೆಯ ಬ್ರಿಗೇಡಿನ ನಾಯಕರಾಗಿದ್ದರು.

1948ರಲ್ಲಿ ತಿಮ್ಮಯ್ಯನವರು ಕಾಶ್ಮೀರ ಕಣಿವೆಯ 19ನೆಯ ಡಿವಿಷನ್ನಿನ ನಾಯಕರಾದರು. ಲಡಾಖಿನ ಲೇಹ್ ಪಟ್ಟಣ ಮುತ್ತಿಗೆಗೆ ಸಿಲುಕುವ ಅಪಾಯದಲ್ಲಿದ್ದಾಗ, ಮೇ ತಿಂಗಳಲ್ಲಿ ವಾಯುಪಡೆಯ ಮೆಹರ್ ಸಿಂಗ್ ಅವರು ನಕಾಶೆಯಿಲ್ಲದ ದಾರಿಯಲ್ಲಿ ಹಿಮಶಿಖರಗಳನ್ನು ದಾಟಿ ಡಕೋಟಾ ವಿಮಾನವನ್ನು ಲೇಹ್‌ನ ಮರಳು ನೆಲದ ಮೇಲೆ ಇಳಿಸಿದರು. ಆ ಮೊದಲ ವಿಮಾನದಲ್ಲಿ ತಿಮ್ಮಯ್ಯನವರು ಕುಳಿತಿದ್ದರು.

ಶ್ರೀನಗರದಿಂದ ಲಡಾಖಿಗೆ ಹೋಗುವ ಬಾಗಿಲು ಜೋಜಿಲಾ ಕಣಿವೆ. 11,000 ಅಡಿಗೂ ಮೇಲಿದೆ. ಅದನ್ನು ಹಿಡಿದಿದ್ದ ಶತ್ರುವಿನ ಮೇಲೆ ಸೆಪ್ಟೆಂಬರಿನಲ್ಲಿ ನಡೆದ ಕಾಲಾಳು ದಾಳಿ ವಿಫಲವಾಯಿತು. ಆಗ ಟ್ಯಾಂಕುಗಳನ್ನು ಅಷ್ಟು ಎತ್ತರಕ್ಕೆ ಏರಿಸುವ ಯೋಜನೆ ಸಿದ್ಧವಾಯಿತು. 7ನೆಯ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಗುಟ್ಟಾಗಿ ಬಾಲ್‌ತಾಲ್‌ಗೆ ತಂದರು. ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ದಳದವರು ಹೇಸರಗತ್ತೆಗಳ ಕಾಲುದಾರಿಯನ್ನು ಕಡಿದು ಟ್ಯಾಂಕು ಹೋಗುವಷ್ಟು ಅಗಲ ಮಾಡಿದರು. ನವೆಂಬರ್ 1ರಂದು ಹಿಮ ಬೀಳುತ್ತಿದ್ದಾಗ ಟ್ಯಾಂಕುಗಳು ಕಣಿವೆಗೆ ನುಗ್ಗಿದವು. ಡಿವಿಷನ್ನಿನ ನಾಯಕರು ಸ್ವತಃ ಮುಂಚೂಣಿಯಲ್ಲಿದ್ದರು. ಅಷ್ಟು ಎತ್ತರದಲ್ಲಿ ಟ್ಯಾಂಕುಗಳು ಬರಬಹುದೆಂದು ಎದುರಾಳಿ ಎಣಿಸಿರಲಿಲ್ಲ. ಕಾಂಗಾದ ಕೆಸರಿನಲ್ಲಿ ಟ್ಯಾಂಕನ್ನು ಇಳಿಸಲಾಗದೆ ಪರದಾಡಿದ ಅನುಭವವುಳ್ಳವರೇ ಈ ದಾಳಿಯನ್ನು ನಡೆಸಿದರೆಂಬುದು ಗಮನಾರ್ಹ. ದ್ರಾಸ್, ಕಾರ್ಗಿಲ್ ಮತ್ತೆ ಕೈಸೇರಿ ಆ ತಿಂಗಳೊಳಗೆ ಲೇಹ್‌ಗೆ ದಾರಿ ತೆರೆಯಿತು.

ಕೊರಿಯ

ಕೊರಿಯ ಯುದ್ಧ 1953ರಲ್ಲಿ ನಿಂತಾಗ, ಸ್ವದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳ ಸಮಸ್ಯೆ ಉಳಿಯಿತು. ಅದಕ್ಕಾಗಿ ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗದಲ್ಲಿ ಭಾರತ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯ ದೇಶಗಳಿದ್ದವು. ಲೆಫ್ಟಿನೆಂಟ್ ಜನರಲ್ ತಿಮ್ಮಯ್ಯ ಅದರ ಅಧ್ಯಕ್ಷರು. ಕೈದಿಗಳನ್ನು ಕಾಯುವ ಭಾರತೀಯ ಪಡೆಯ ನಾಯಕರಾಗಿ ಬಂದವರು ಕಾಂಗಾದ ಒಡನಾಡಿ ಥೋರಟ್. ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯದ ಕೈದಿಗಳು, ಎದುರು ಪಕ್ಷದಿಂದ 359 ಮಂದಿ ಅವರ ವಶದಲ್ಲಿದ್ದರು. ಎರಡೂ ಬಣಗಳು ಆಯೋಗವನ್ನು ದೂರುತ್ತಿದ್ದವು. ಶಿಬಿರಗಳೊಳಗೆ ಗಲಭೆ, ಕೊಲೆಗಳಾಗುತ್ತಿದ್ದವು. ಕೈದಿಗಳ ಮೇಲೆ ಬಲಪ್ರಯೋಗ ಮಾಡಬಾರದೆಂಬ ನಿಲುವಿನಿಂದ ತಿಮ್ಮಯ್ಯನವರು ಕದಲಲಿಲ್ಲ. ಕೈದಿಗಳಲ್ಲಿ ಹೆಚ್ಚಿನವರು ಸ್ವದೇಶಕ್ಕೆ ಹೋಗಲು ನಿರಾಕರಿಸಿದರು. ಎರಡೂ ಕಡೆ ಬೇಡವೆಂದ 88 ಮಂದಿ 1954ರಲ್ಲಿ ಭಾರತೀಯ ಸೈನಿಕರೊಂದಿಗೆ ಭಾರತಕ್ಕೇ ಬಂದರು. ಅದೇ ವರ್ಷ ಸರ್ಕಾರ ತಿಮ್ಮಯ್ಯನವರಿಗೆ ಪದ್ಮಭೂಷಣ ನೀಡಿತು. ಈ ಅನುಭವವನ್ನು ಅವರು ಪುಸ್ತಕವಾಗಿ ಬರೆದಿಟ್ಟರು. ಅದು ಅಚ್ಚಾದದ್ದು ಅವರ ಮರಣಾನಂತರ.

ದಂಡನಾಯಕರಾಗಿ

1957ರ ಮೇ 7ರಂದು ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾದರು. ಸಾಮಾನ್ಯ ಸಿಪಾಯಿಗಳೊಡನೆ ಸಲುಗೆಯಿಂದ ಬೆರೆಯುತ್ತಿದ್ದ ಅವರಷ್ಟು ಜನಪ್ರಿಯ ದಂಡನಾಯಕರು ಭಾರತಕ್ಕೆ ಹೆಚ್ಚು ಮಂದಿ ಸಿಕ್ಕಿಲ್ಲ. ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಅವರೊಡನೆ ಮಾತ್ರ ಹೊಂದಾಣಿಕೆಯಾಗಲಿಲ್ಲ. ಚೀನಾ ಗಡಿಯ ಸಿದ್ಧತೆ ಮತ್ತು ಹಿರಿಯ ಅಧಿಕಾರಿಗಳ ಬಡ್ತಿಯ ವಿಷಯಗಳಲ್ಲಿ ಭಿನ್ನಾಭಿಪ್ರಾಯ ಬೆಳೆದು, 1959ರ ಆಗಸ್ಟ್ 31ರಂದು ಅವರು ರಾಜೀನಾಮೆ ಕಳುಹಿಸಿದರು. ಪ್ರಧಾನಿ ನೆಹರೂ ಅವರ ಮಾತಿಗೆ ಮನ್ನಣೆ ಕೊಟ್ಟು ಹಿಂದಕ್ಕೆ ಪಡೆದರು. ಆದರೆ ಸುದ್ದಿ ಪತ್ರಿಕೆಗಳಿಗೆ ಸೋರಿ, ನೆಹರೂ ಅವರು ಸಂಸತ್ತಿನಲ್ಲಿ ಸಚಿವರ ಪರವಾಗಿಯೇ ಮಾತನಾಡಿದರು. ತಿಮ್ಮಯ್ಯನವರು ರಾಜೀನಾಮೆ ಕೊಟ್ಟದ್ದು ತಪ್ಪೆಂದು ಕೆಲವರು, ಹಿಂದೆಗೆದುಕೊಂಡದ್ದು ತಪ್ಪೆಂದು ಇನ್ನು ಕೆಲವರು ಇಂದಿಗೂ ವಾದಿಸುತ್ತಾರೆ. ಚುನಾಯಿತ ಸರ್ಕಾರದ ಮಾತನ್ನು ಸೇನೆ ಮೀರಬಾರದೆಂಬ ನಿಯಮವನ್ನು ಅವರು ಪಾಲಿಸಿದರು; ಅದರಿಂದ ಅವರ ಮಾತಿನ ತೂಕ ಕುಗ್ಗಿದ್ದೂ ನಿಜ.

1961ರ ಮೇ ತಿಂಗಳಲ್ಲಿ ನಿವೃತ್ತರಾದರು. ತಮ್ಮ ಬಳಿಕ ಥೋರಟ್ ಅವರು ದಂಡನಾಯಕರಾಗಬೇಕೆಂಬ ಅವರ ಶಿಫಾರಸು ಮನ್ನಣೆ ಪಡೆಯಲಿಲ್ಲ, ಪಿ. ಎನ್. ಥಾಪರ್ ನೇಮಕಗೊಂಡರು. ಥೋರಟ್ ಅವರು ತೆರವು ಮಾಡಿದ ಪೂರ್ವ ಕಮಾಂಡಿಗೆ ಬಂದವರು ಸೇನ್. 1962ರ ಜುಲೈನಲ್ಲಿ ಸೆಮಿನಾರ್ ಮಾಸಪತ್ರಿಕೆಗೆ ಬರೆದ ಲೇಖನದಲ್ಲಿ ತಿಮ್ಮಯ್ಯನವರು, ಚೀನಾದೊಡನೆ ಬಹಿರಂಗ ಯುದ್ಧ ಮಾಡುವ ಶಕ್ತಿ ಭಾರತಕ್ಕೆ ಒಂಟಿಯಾಗಿ ಇಲ್ಲವೆಂಬ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಮುಂದಿಟ್ಟರು. ಮೂರು ತಿಂಗಳಲ್ಲಿ ಯುದ್ಧ ಬಂದಿತು. ಈಶಾನ್ಯ ಗಡಿಯ ಆ ಸೋಲಿನ ವೇಳೆ ಪೂರ್ವ ಕಮಾಂಡಿನ ಹೊಣೆ ಸೇನ್ ಅವರ ಮೇಲಿತ್ತು.

ಸೈಪ್ರಸ್ ಮತ್ತು ನಿಧನ

ನಿವೃತ್ತಿಯ ನಂತರ ಮಡಿಕೇರಿಯ ಸನ್ನಿಸೈಡ್ ಎಂಬ ತಮ್ಮ ಮನೆಯಲ್ಲಿ ನೆಲೆಸಿದ್ದ ತಿಮ್ಮಯ್ಯನವರನ್ನು 1964ರ ಜುಲೈನಲ್ಲಿ ವಿಶ್ವಸಂಸ್ಥೆ ಸೈಪ್ರಸ್ ದ್ವೀಪಕ್ಕೆ ಕರೆಯಿತು. ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ನಡುವಿನ ಕಲಹದಲ್ಲಿ ಎರಡೂ ಕಡೆಯವರ ವಿಶ್ವಾಸ ಗಳಿಸುವುದು ಸುಲಭವಾಗಿರಲಿಲ್ಲ. ಅವರಿಗೆ ಅದು ಬಹುಮಟ್ಟಿಗೆ ಸಾಧ್ಯವಾಯಿತು. ಅಲ್ಲಿಯೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ನಿಧನ ಹೊಂದಿದರು. ಆಗ ಅವರಿಗೆ 59 ವರ್ಷ. ಪಾರ್ಥಿವ ಶರೀರವನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದು ವಿಲ್ಸನ್ ಗಾರ್ಡನ್ ಬಳಿಯ ಸೈನಿಕ ರುದ್ರಭೂಮಿಯಲ್ಲಿ ಸಮಾಧಿ ಮಾಡಲಾಯಿತು.

ಸ್ಮಾರಕಗಳು

ಸೈಪ್ರಸ್ ಸರ್ಕಾರ 1966ರಲ್ಲಿ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯ ರಸ್ತೆ ಎಂದು ಹೆಸರಿಡಲಾಗಿದೆ. ರಾಜ್ಯ ಸರ್ಕಾರದ ಸಾಹಸ ತರಬೇತಿ ಅಕಾಡೆಮಿಯೂ ಅವರ ಹೆಸರಿನಲ್ಲಿದೆ. ಮಡಿಕೇರಿಯಲ್ಲಿ ಅವರ ಪ್ರತಿಮೆಯಿದೆ. ಸನ್ನಿಸೈಡ್ ಮನೆ ಬಹುಕಾಲ ಸರ್ಕಾರಿ ಕಚೇರಿಯಾಗಿ ಬಳಕೆಯಲ್ಲಿತ್ತು. ಅದನ್ನು ಜನರಲ್ ತಿಮ್ಮಯ್ಯ ಸ್ಮಾರಕ ವಸ್ತುಸಂಗ್ರಹಾಲಯವಾಗಿ ಮಾರ್ಪಡಿಸಿ, 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಉದ್ಘಾಟಿಸಿದರು.